ಸೋಡಿಯಂ ಸಿಡಿಯುವುದನ್ನು ನೂರು ಸಲ ನೋಡಿದರೆ ರಸಾಯನಶಾಸ್ತ್ರ ಬರುತ್ತಾ?

ಪ್ರಶ್ನೆ: ನನ್ನ ಮಗಳು ಕನ್ನಡ ಮೀಡಿಯಂನಲ್ಲಿ ಎಂಟನೇ ಕ್ಲಾಸ್ ಓದುತ್ತಿದ್ದಾಳೆ. ಸಂಜೆ ಮೊಬೈಲ್ ಕೈಗೆ ಸಿಕ್ಕಿದರೆ ಸಾಕು, ಮೂಲವಸ್ತುಗಳ ವಿಡಿಯೊ ಹಾಕಿಕೊಂಡು ಕೂರುತ್ತಾಳೆ. ಸೋಡಿಯಂ ನೀರಿಗೆ ಬಿದ್ದು ಸಿಡಿಯುವುದನ್ನು ಎಷ್ಟು ಸಲ ನೋಡಿದರೂ ಅವಳಿಗೆ ಸಾಲದು. ಅದು ಮುಗಿದರೆ ಬೇರೆ ಬೇರೆ ನಾಡುಗಳ ಗಣಿತ, ಆಮೇಲೆ ಪ್ರಪಂಚದ ಧರ್ಮಗಳು. ಎಲ್ಲಾ ಇಂಗ್ಲಿಷ್, ಅರ್ಧಂಬರ್ಧ ಅರ್ಥವಾಗುತ್ತೆ. ಕೇಳಿದರೆ "ಕಲೀತಾ ಇದೀನಮ್ಮ" ಅಂತಾಳೆ. ಟೆಸ್ಟ್‌ನಲ್ಲಿ ಮಾರ್ಕ್ಸ್ ಮಾತ್ರ ಏನೂ ಜಾಸ್ತಿ ಆಗಿಲ್ಲ. ನಮ್ಮ ಮಾವನವರು ಧರ್ಮದ ವಿಡಿಯೊ ಬೇಡವೇ ಬೇಡ ಅಂತಾರೆ. ಇದರಿಂದ ನಿಜವಾಗಲೂ ಉಪಯೋಗ ಇದೆಯಾ, ಇಲ್ಲಾ ಸುಮ್ನೆ ಟೈಮ್‌ಪಾಸಾ? ಒಳ್ಳೆಯದನ್ನು ಆರಿಸೋದು ಹೇಗೆ? (ದಾವಣಗೆರೆಯಿಂದ ಒಬ್ಬ ತಾಯಿ)

ಉತ್ತರ: ಮೊದಲು ಮಾರ್ಕ್ಸ್ ವಿಷಯ ಮುಗಿಸಿಬಿಡೋಣ. ಈ ವಿಡಿಯೊಗಳಿಂದ ಟೆಸ್ಟ್ ಮಾರ್ಕ್ಸ್ ನೇರವಾಗಿ ಏರುವುದಿಲ್ಲ. ಅವನ್ನು ಮಾಡಿದವರು ಪರೀಕ್ಷೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಮಾಡಿಲ್ಲ. ಪರೀಕ್ಷೆಗೆ ಬೇಕಾದ್ದು ಪಠ್ಯಪುಸ್ತಕ, ಖಾನ್ ಅಕಾಡೆಮಿಯ ಕನ್ನಡ ಪಾಠಗಳು, ಕೊರೊನಾ ಕಾಲದಲ್ಲಿ ಚಂದನ ವಾಹಿನಿಯಲ್ಲಿ ಬಂದ ಸಂವೇದದಂಥ ತರಗತಿಗಳು. ಅದರ ಲೆಕ್ಕವೇ ಬೇರೆ. ನಿಮ್ಮ ಮಗಳು ನೋಡುತ್ತಿರುವುದರ ಲೆಕ್ಕ ಬೇರೆ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಡಿ.

ಆದರೆ "ಕಲೀತಾ ಇದೀನಮ್ಮ" ಅನ್ನುವ ಮಾತನ್ನು ಪೂರ್ತಿ ನಂಬಲೂ ಬೇಡಿ. ಅವಳು ಸುಳ್ಳು ಹೇಳುತ್ತಿಲ್ಲ, ಅವಳಿಗೆ ನಿಜವಾಗಿಯೂ ಹಾಗೆ ಅನ್ನಿಸುತ್ತಿದೆ. ತೊಂದರೆ ಇರುವುದೇ ಅಲ್ಲಿ. ವೆರಿಟೇಸಿಯಂ ಎಂಬ ವಿಜ್ಞಾನ ಚಾನೆಲ್ ನಡೆಸುವ ಡೆರೆಕ್ ಮುಲ್ಲರ್ ಯೂಟ್ಯೂಬಿಗೆ ಬರುವ ಮೊದಲು ಸಿಡ್ನಿ ವಿಶ್ವವಿದ್ಯಾಲಯದಲ್ಲಿ ಇದರ ಮೇಲೇ ಪಿಎಚ್‌ಡಿ ಮಾಡಿದರು. ಒಂದು ಗುಂಪಿನ ವಿದ್ಯಾರ್ಥಿಗಳಿಗೆ ಭೌತಶಾಸ್ತ್ರದ ಒಂದು ವಿಷಯವನ್ನು ಚೊಕ್ಕವಾಗಿ ವಿವರಿಸುವ ವಿಡಿಯೊ ತೋರಿಸಿದರು. ಎಲ್ಲರೂ "ಚೆನ್ನಾಗಿದೆ, ಸ್ಪಷ್ಟವಾಗಿದೆ, ಸುಲಭವಾಗಿ ಅರ್ಥವಾಯಿತು" ಅಂದರು. ಪರೀಕ್ಷೆ ಕೊಟ್ಟರೆ ಅಂಕ ಹೆಚ್ಚುಕಮ್ಮಿ ಮೊದಲಿದ್ದಷ್ಟೇ! ತಮ್ಮ ತಲೆಯಲ್ಲಿದ್ದ ತಪ್ಪು ಕಲ್ಪನೆಯನ್ನೇ ವಿಡಿಯೊ ಕೂಡ ಹೇಳಿತು ಅಂತ ಎಷ್ಟೋ ಜನ ಅಂದುಕೊಂಡಿದ್ದರು. ಇನ್ನೊಂದು ಗುಂಪಿಗೆ ತೋರಿಸಿದ ವಿಡಿಯೊದಲ್ಲಿ ಮೊದಲು ಜನ ಸಾಮಾನ್ಯವಾಗಿ ಮಾಡುವ ತಪ್ಪನ್ನು ಎತ್ತಿ ಆಡಿ, ಆಮೇಲೆ ಸರಿಯಾದದ್ದನ್ನು ಹೇಳಿದ್ದರು. ಆ ಗುಂಪಿನವರು "ಗೊಂದಲವಾಯಿತು" ಅಂದರು. ಅಂಕ ಏರಿದ್ದು ಮಾತ್ರ ಅವರದೇ.

ಹಾಗಾಗಿ ನಾನು ವಿಡಿಯೊ ಆರಿಸುವಾಗ ಹಾಕುವ ಒರೆ ಇಷ್ಟೇ: ನೋಡುವ ಹುಡುಗಿಗೆ ಮಧ್ಯದಲ್ಲಿ ಎಲ್ಲಾದರೂ ನಿಲ್ಲಿಸಿ "ಮುಂದೇನಾಗುತ್ತೆ?" ಅಂತ ಊಹಿಸಲು ಜಾಗ ಇದೆಯಾ? ಇದ್ದರೆ ಅದು ಒಳ್ಳೆಯ ವಿಡಿಯೊ. ಊಹೆ ತಪ್ಪಾದರೆ ಇನ್ನೂ ಒಳ್ಳೆಯದು. ಸಂಗೀತ, ಗ್ರಾಫಿಕ್ಸ್, ಎಷ್ಟು ಲಕ್ಷ ಜನ ನೋಡಿದ್ದಾರೆ ಅನ್ನುವುದೆಲ್ಲ ಆಮೇಲಿನ ಮಾತು.

ಸೋಡಿಯಂನಿಂದಲೇ ಶುರು ಮಾಡೋಣ, ಅವಳಿಗೆ ಅದೇ ಇಷ್ಟ ತಾನೇ.

ಮೂಲವಸ್ತುಗಳ ವಿಡಿಯೊ ಅಂದರೆ ನಾನು ಮೊದಲು ಹೇಳುವುದು ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್ ವಿಶ್ವವಿದ್ಯಾಲಯದ 'ಪೀರಿಯಾಡಿಕ್ ವಿಡಿಯೋಸ್'. 2008ರಲ್ಲಿ ಬ್ರೇಡಿ ಹರನ್ ಎಂಬ ವಿಡಿಯೊ ಪತ್ರಕರ್ತ ಮತ್ತು ಅಲ್ಲಿನ ರಸಾಯನಶಾಸ್ತ್ರಜ್ಞರು ಸೇರಿ 118 ಮೂಲವಸ್ತುಗಳಿಗೂ ಒಂದೊಂದು ವಿಡಿಯೊ ಮಾಡಿದರು. ಆಮೇಲೆ ಹಲವನ್ನು ಹೊಸದಾಗಿ ಮತ್ತೆ ಮಾಡಿದ್ದಾರೆ. ಕೆದರಿದ ಬಿಳಿ ಕೂದಲಿನ ಪ್ರೊಫೆಸರ್ ಮಾರ್ಟಿನ್ ಪೋಲಿಯಾಕಾಫ್ ಅವರನ್ನು ನಿಮ್ಮ ಮಗಳು ಆಗಲೇ ನೋಡಿರುತ್ತಾಳೆ. ಅವರದೇ ಒಂದು ಕೂದಲೆಳೆಯ ಮೇಲೆ ಇಡೀ ಆವರ್ತ ಕೋಷ್ಟಕವನ್ನು ಕೆತ್ತಿ ಕೊಟ್ಟ ವಿಡಿಯೊ ಕೂಡ ಇದೆ! ಈ ಸರಣಿ ನನಗೆ ಹಿಡಿಸುವುದಕ್ಕೆ ಕಾರಣ, ಪ್ರಯೋಗ ಕೈಕೊಟ್ಟರೆ ಅದನ್ನೂ ತೋರಿಸುತ್ತಾರೆ. ಪ್ರೊಫೆಸರ್ "ನಾನು ಹೀಗಾಗುತ್ತೆ ಅಂದುಕೊಂಡಿರಲಿಲ್ಲ" ಅನ್ನುತ್ತಾರೆ. ಮಕ್ಕಳು ಅದನ್ನು ಕೇಳಿಸಿಕೊಳ್ಳಬೇಕು.

ಇದಕ್ಕೆ ಪೂರಾ ವಿರುದ್ಧದ ಉದಾಹರಣೆಯೂ ಇದೆ. ಬ್ರಿಟನ್ನಿನ ಒಂದು ಟಿವಿ ಕಾರ್ಯಕ್ರಮದಲ್ಲಿ ಸ್ನಾನದ ತೊಟ್ಟಿಗೆ ಸೀಸಿಯಂ ಎಂಬ, ಸೋಡಿಯಂ ಜಾತಿಯದೇ ಲೋಹ ಹಾಕಿದಾಗ ತೊಟ್ಟಿಯೇ ಚೂರುಚೂರಾಗಿ ಹಾರುವುದನ್ನು ತೋರಿಸಿದ್ದರು. ಆ ತುಣುಕು ಇವತ್ತಿಗೂ ಓಡಾಡುತ್ತಿದೆ. ಆದರೆ ತೊಟ್ಟಿ ಒಡೆದದ್ದು ಸೀಸಿಯಂನಿಂದಲ್ಲ. ನಿಜವಾದದ್ದು ಅಷ್ಟು ಜೋರಾಗಿ ಕಾಣಲಿಲ್ಲ ಅಂತ ಬೇರೆ ಸ್ಫೋಟಕ ಇಟ್ಟು ಸಿಡಿಸಿದ್ದರು. ಇದನ್ನು ಮಗಳಿಗೆ ಹೇಳಿ. ಆಮೇಲೆ ಆ ತುಣುಕನ್ನೂ ಪೀರಿಯಾಡಿಕ್ ವಿಡಿಯೋಸ್‌ನ ಸೀಸಿಯಂ ವಿಡಿಯೊವನ್ನೂ ಪಕ್ಕಪಕ್ಕ ನೋಡಲು ಹೇಳಿ. ಎಷ್ಟು ಲೋಹ ಹಾಕಿದರು, ಎಷ್ಟು ನೀರಿತ್ತು, ಕ್ಯಾಮೆರಾ ಒಂದೇ ಕಡೆ ನಿಂತಿತ್ತಾ ಇಲ್ಲಾ ನಡುವೆ ಕತ್ತರಿಸಿ ಅಂಟಿಸಿದರಾ ಅಂತ ಗಮನಿಸಲಿ. ಎಂಟನೇ ಕ್ಲಾಸಿನ ಹುಡುಗಿಗೆ ಇದನ್ನು ಹಿಡಿಯುವ ಚುರುಕು ಖಂಡಿತ ಇರುತ್ತೆ.

ಸೋಡಿಯಂ ಯಾಕೆ ಸಿಡಿಯುತ್ತೆ ಅಂತ ಅವಳನ್ನೇ ಕೇಳಿ. "ನೀರಿನ ಜೊತೆ ಸೇರಿ ಹೈಡ್ರೋಜನ್ ಬರುತ್ತೆ, ಶಾಖಕ್ಕೆ ಹೈಡ್ರೋಜನ್ ಹೊತ್ತಿಕೊಳ್ಳುತ್ತೆ" ಅಂದಾಳು. ಪಠ್ಯದಲ್ಲಿ ಇರುವುದೂ ಅದೇ. ತಪ್ಪಲ್ಲ, ಆದರೆ ಅಷ್ಟಕ್ಕೇ ಮುಗಿಯುವುದಿಲ್ಲ. ಲೋಹದ ಸುತ್ತ ಹಬೆ ಮತ್ತು ಹೈಡ್ರೋಜನ್‌ನ ಪದರ ಕಟ್ಟಿಕೊಂಡರೆ ನೀರು ಲೋಹವನ್ನು ಮುಟ್ಟುವುದಕ್ಕೇ ಆಗಬಾರದು. ಕ್ರಿಯೆ ತಣ್ಣಗಾಗಬೇಕು. ಹಾಗಿದ್ದರೂ ಸಿಡಿಯುವುದು ಹೇಗೆ? ಇದನ್ನು ಬೆನ್ನು ಹತ್ತಿದವರಲ್ಲಿ ಒಬ್ಬರು ಫಿಲ್ ಮೇಸನ್. ಅವರೂ ಯೂಟ್ಯೂಬ್‌ನಲ್ಲಿ ವಿಡಿಯೊ ಮಾಡುವವರೇ. ಪ್ರಾಗ್‌ನ ಪಾವೆಲ್ ಯುಂಗ್ವಿರ್ಟ್ ಮತ್ತಿತರರ ಜೊತೆ ಸೇರಿ, ಸೋಡಿಯಂ-ಪೊಟ್ಯಾಸಿಯಂ ಮಿಶ್ರಲೋಹದ ಹನಿ ನೀರಿಗೆ ಬೀಳುವುದನ್ನು ಭಾರೀ ವೇಗದ ಕ್ಯಾಮೆರಾದಲ್ಲಿ ಸೆರೆಹಿಡಿದರು. ಈ ಮಿಶ್ರಲೋಹ ನಮ್ಮ ಸಾಮಾನ್ಯ ಉಷ್ಣತೆಯಲ್ಲೇ ದ್ರವವಾಗಿರುತ್ತೆ. ಕಂಡದ್ದೇನು ಅಂದರೆ, ನೀರು ಮುಟ್ಟಿ ಒಂದು ಮಿಲಿಸೆಕೆಂಡ್ ಕೂಡ ಆಗುವ ಮೊದಲೇ ಹನಿಯಿಂದ ಮುಳ್ಳು ಮುಳ್ಳಾಗಿ ಲೋಹ ಹೊರಕ್ಕೆ ಚಿಮ್ಮುತ್ತೆ. ಲೋಹದ ಎಲೆಕ್ಟ್ರಾನ್‌ಗಳು ಸರ್ರನೆ ನೀರಿಗೆ ಓಡಿಹೋಗುತ್ತವೆ. ಉಳಿದದ್ದೆಲ್ಲ ಧನ ಆವೇಶ. ಅವು ಒಂದನ್ನೊಂದು ದೂಡಿಕೊಂಡು ಹನಿ ಹರಿದುಹೋಗುತ್ತೆ. ಆಗ ಹೊಸ ಹೊಸ ಲೋಹದ ಮೈ ನೀರಿಗೆ ಸಿಕ್ಕಿ ಕ್ರಿಯೆ ನಿಲ್ಲುವುದೇ ಇಲ್ಲ. ಇದು 2015ರಲ್ಲಿ 'ನೇಚರ್ ಕೆಮಿಸ್ಟ್ರಿ' ಪತ್ರಿಕೆಯಲ್ಲಿ ಬಂತು. ಎಷ್ಟೋ ತಲೆಮಾರಿನ ಮೇಷ್ಟ್ರುಗಳು ಕ್ಲಾಸಿನಲ್ಲಿ ಮಾಡಿ ತೋರಿಸಿದ ಪ್ರಯೋಗದಲ್ಲಿ ಇನ್ನೂ ಇಷ್ಟು ಉಳಿದಿತ್ತು ನೋಡಿ. ಪಾಠ ಮಾಡುವ ನನಗೂ ಇದು ಇಷ್ಟವಾದ ಕತೆ.

ಒಂದು ಎಚ್ಚರಿಕೆ. ಸೋಡಿಯಂ, ಪೊಟ್ಯಾಸಿಯಂ ಮನೆಯಲ್ಲಿ ಬೇಡವೇ ಬೇಡ. ಶಾಲೆಯ ಲ್ಯಾಬಿನಿಂದ ಸೀಮೆಎಣ್ಣೆ ಬಾಟಲಿಯಲ್ಲಿಟ್ಟ ಸೋಡಿಯಂ ತುಂಡೊಂದು ಜೇಬಿಗೆ ಸೇರಿದರೆ ಏನಾಗುತ್ತೆ ಅಂತ ವಿಡಿಯೊ ನೋಡಿದ ಹುಡುಗಿಗೆ ನೀವು ಹೇಳಬೇಕಾಗಿಲ್ಲ. ಆದರೂ ಹೇಳಿ.

ಮನೆಯಲ್ಲೇ ಮಾಡಬಹುದಾದದ್ದು ಬೇರೆ ಇದೆ. ಗ್ಯಾಸ್ ಒಲೆಯ ನೀಲಿ ಉರಿಗೆ, ನೀವು ಪಕ್ಕದಲ್ಲಿ ನಿಂತು, ಒಂದು ಚಿಟಿಕೆ ಪುಡಿ ಉಪ್ಪು ಉದುರಿಸಲು ಹೇಳಿ. ಉರಿ ಹಳದಿಗೆ ತಿರುಗುತ್ತೆ. ಅನ್ನ ಉಕ್ಕಿದಾಗಲೂ ಇದೇ ಹಳದಿ ಕಂಡಿರುತ್ತೀರಿ. ಅದು ಉಪ್ಪಿನಲ್ಲಿರುವ ಸೋಡಿಯಂನ ಬಣ್ಣ. ಆ ಬೆಳಕನ್ನು ಒಳ್ಳೆಯ ವರ್ಣದರ್ಶಕದಲ್ಲಿ, ಅಂದರೆ ಬೆಳಕನ್ನು ಬಣ್ಣ ಬಣ್ಣವಾಗಿ ಬಿಡಿಸಿ ತೋರಿಸುವ ಉಪಕರಣದಲ್ಲಿ, ನೋಡಿದರೆ ಹಳದಿ ಜಾಗದಲ್ಲಿ ಅಂಟಿಕೊಂಡಂತೆ ಎರಡು ಗೆರೆ ಕಾಣುತ್ತವೆ. ಒಂದು 589.0 ನ್ಯಾನೊಮೀಟರ್, ಇನ್ನೊಂದು 589.6.

ಇದಾದ ಮೇಲೆ ಹೀಲಿಯಂ ವಿಡಿಯೊ ಹಾಕಿ. ಸಾಮಾನ್ಯವಾಗಿ ಅದರಲ್ಲಿ ಬಲೂನು ಹಾರುತ್ತೆ, ಯಾರದೋ ದನಿ ಕೀರಲಾಗುತ್ತೆ, ಎಲ್ಲರೂ ನಗುತ್ತಾರೆ. ಅದಕ್ಕಿಂತ ರುಚಿಯಾದದ್ದು ಅದು ಸಿಕ್ಕಿದ ರೀತಿ. 1868ರ ಆಗಸ್ಟ್ 18ರಂದು ಭಾರತದ ಮೇಲೆ ಪೂರ್ಣ ಸೂರ್ಯಗ್ರಹಣ ಹಾದುಹೋಯಿತು. ಫ್ರಾನ್ಸಿನ ಖಗೋಳಜ್ಞ ಜಾನ್ಸನ್ ಗುಂಟೂರಿನಲ್ಲಿ ಕಾದಿದ್ದರು. ನಮ್ಮ ಕಡೆಯೂ ಆ ನೆರಳು ಬಿದ್ದಿತ್ತು. ಬಿಜಾಪುರದಲ್ಲಿ ಕ್ಯಾಪ್ಟನ್ ಹೇಗ್, ಜಮಖಂಡಿಯಲ್ಲಿ ಲೆಫ್ಟಿನೆಂಟ್ ಜಾನ್ ಹರ್ಷೆಲ್ ವರ್ಣದರ್ಶಕ ಹಿಡಿದು ನಿಂತಿದ್ದರು. ಸೂರ್ಯನ ಅಂಚಿನಲ್ಲಿ ಎದ್ದ ಜ್ವಾಲೆಗಳ ಬೆಳಕಿನಲ್ಲಿ ಹೊಳೆಯುವ ಗೆರೆಗಳು ಕಂಡವು. ಹಳದಿ-ಕಿತ್ತಳೆ ಕಡೆಯ ಗೆರೆಯನ್ನು ಆಗ ನೋಡಿದವರಲ್ಲಿ ಹಲವರು ಸೋಡಿಯಂದೇ ಅಂದುಕೊಂಡರು. ಅಂದುಕೊಳ್ಳದೆ ಏನು ಮಾಡುತ್ತಾರೆ, ಅಷ್ಟು ಹತ್ತಿರ ಇತ್ತು ಅದು: 587.6 ನ್ಯಾನೊಮೀಟರ್. ಆಮೇಲೆ ಇಂಗ್ಲೆಂಡಿನ ಲಾಕ್ಯರ್ ಗ್ರಹಣವಿಲ್ಲದ ದಿನವೂ ಆ ಗೆರೆಯನ್ನು ಅಳೆದು, ಇದು ಸೋಡಿಯಂ ಅಲ್ಲ, ಭೂಮಿಯ ಮೇಲೆ ಕಂಡಿರದ ಬೇರೇನೋ ಅಂದರು. ನಂಬಿದವರು ಕಮ್ಮಿ. 1895ರಲ್ಲಿ ವಿಲಿಯಂ ರಾಮ್ಸೆ ಯುರೇನಿಯಂ ಇರುವ ಒಂದು ಖನಿಜದಿಂದ ಅದೇ ಅನಿಲವನ್ನು ಹೊರತೆಗೆದ ಮೇಲೆ ಎಲ್ಲರೂ ಒಪ್ಪಿದರು.

ಒಲೆಯ ಉಪ್ಪಿನ ಹಳದಿ ನೋಡಿ ಬಂದ ಹುಡುಗಿಗೆ ಈ ಕತೆ ಹೇಳಿ ನಡುವೆ ನಿಲ್ಲಿಸಿ ಕೇಳಿ: "ನೀನಾಗಿದ್ದರೆ ಇದು ಸೋಡಿಯಂ ಅಲ್ಲ ಅಂತ ಹೇಗೆ ತೋರಿಸುತ್ತಿದ್ದೆ?" ಎರಡು ಗೆರೆ ಇರಬೇಕಾದ ಕಡೆ ಒಂದೇ ಇದೆ, ಅದೂ ಸ್ವಲ್ಪ ಪಕ್ಕಕ್ಕೆ ಸರಿದಿದೆ ಅನ್ನುವುದು ಅವಳಿಗೇ ಹೊಳೆದರೆ, ಆವತ್ತಿನ ವಿಡಿಯೊ ಸಾರ್ಥಕ. ಹೊಳೆಯದಿದ್ದರೆ ಎರಡು ದಿನ ತಲೆಯಲ್ಲಿ ಕೊರೆಯಲಿ, ಬಿಡಿ.

ಗ್ಯಾಲಿಯಂ ಕೂಡ ಹೀಗೇ. ಅಂಗೈ ಮೇಲೆ ಕರಗುವ ಲೋಹ ಅಂತ ತೋರಿಸುತ್ತಾರೆ. ಅದು ಕರಗುವುದು 29.76 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಮೇ ತಿಂಗಳ ಕಲಬುರಗಿಯಲ್ಲಾದರೆ ಅಂಗೈ ಯಾಕೆ, ಬಾಟಲಿಯಲ್ಲೇ ನೀರಾಗಿರುತ್ತೆ. ಆ ತಮಾಷೆಗಿಂತ ಹಿಂದಿನ ಜಗಳ ಚೆನ್ನಾಗಿದೆ. ರಷ್ಯಾದ ಮೆಂಡಲೀವ್ ಆವರ್ತ ಕೋಷ್ಟಕದಲ್ಲಿ ಅಲ್ಯೂಮಿನಿಯಂ ಕೆಳಗೆ ಒಂದು ಮನೆ ಖಾಲಿ ಬಿಟ್ಟು, ಇಲ್ಲಿಗೊಂದು ಲೋಹ ಬರುತ್ತೆ, ಸಾಂದ್ರತೆ 5.9ರ ಹತ್ತಿರ ಇರುತ್ತೆ ಅಂತ ಬರೆದಿಟ್ಟಿದ್ದರು. 1875ರಲ್ಲಿ ಫ್ರಾನ್ಸಿನ ಬ್ವಾಬೊದ್ರಾನ್‌ಗೆ ಆ ಲೋಹ ಸಿಕ್ಕಿತು. ಅಳೆದರೆ 4.7 ಬಂತು. ಲೋಹವನ್ನು ಕಣ್ಣಲ್ಲೇ ನೋಡದ ಮೆಂಡಲೀವ್ "ನಿಮ್ಮ ಅಳತೆ ತಪ್ಪು, ಇನ್ನಷ್ಟು ಶುದ್ಧ ಮಾಡಿ ಅಳೆಯಿರಿ" ಅಂದರು! ಶುದ್ಧ ಮಾಡಿ ಅಳೆದರೆ 5.9. ಇದನ್ನು ತೋರಿಸುವ ವಿಡಿಯೊದಲ್ಲಿ "4.7 ಬಂತು" ಅನ್ನುವ ಜಾಗಕ್ಕೆ ಬಂದ ಕೂಡಲೇ ನಿಲ್ಲಿಸಿ. ಯಾರ ಮಾತು ಸರಿ ಇರಬಹುದು ಅಂತ ಅವಳು ಒಂದು ಸಾಲು ಬರೆದ ಮೇಲೆ ಮುಂದೆ ಓಡಿಸಿ.

ತಾಮ್ರದ ವಿಡಿಯೊ ನೋಡಿದಳಾದರೆ ಮಲೆನಾಡಿನ ಅಥವಾ ಚನ್ನಗಿರಿ ಕಡೆಯ ಅಡಿಕೆ ತೋಟದ ನೆಂಟರಿದ್ದರೆ ಅವರನ್ನು ಹಿಡಿಯಿರಿ. ಕೊಳೆ ರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುತ್ತಾರಲ್ಲ, ನೂರು ಲೀಟರ್ ನೀರಿಗೆ ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ. ದ್ರಾವಣ ಹದಕ್ಕೆ ಬಂದಿದೆಯಾ ಅಂತ ನೋಡಲು ಉಜ್ಜಿ ಹೊಳಪು ಮಾಡಿದ ಕತ್ತಿಯನ್ನು ಸ್ವಲ್ಪ ಹೊತ್ತು ಅದ್ದುತ್ತಾರೆ. ಕತ್ತಿಯ ಮೇಲೆ ಕೆಂಪಗೆ ತಾಮ್ರ ಕೂತರೆ ಸುಣ್ಣ ಸಾಲದು, ಇನ್ನಷ್ಟು ಹಾಕಬೇಕು. ಕಬ್ಬಿಣ ತಾಮ್ರವನ್ನು ಅದರ ಜಾಗದಿಂದ ಎಬ್ಬಿಸಿ ತಾನು ಕೂರುವುದು ಅಂದರೆ ಇದೇ. ಲ್ಯಾಬಿನಲ್ಲಿ ಮೊಳೆ ಅದ್ದಿ ತೋರಿಸುವುದನ್ನು ತೋಟದವರು ಕತ್ತಿ ಅದ್ದಿ ಮಾಡಿಕೊಂಡು ಬಂದಿದ್ದಾರೆ. ಮೈಲುತುತ್ತ ವಿಷ, ಕೈ ಬಾಯಿ ಹುಷಾರು, ದೊಡ್ಡವರು ಜೊತೆಗಿರಬೇಕು. ಯಾವ ವಿಡಿಯೊ ಕೂಡ ಆ ಕತ್ತಿಯಷ್ಟು ಚೆನ್ನಾಗಿ ಇದನ್ನು ಹೇಳಿಕೊಡಲಾರದು.

ಗಣಿತಕ್ಕೆ ಬರೋಣ. ಬೇರೆ ಬೇರೆ ಜನರ ಬದುಕಿನಲ್ಲಿ ಗಣಿತ ಅನ್ನುವ ವಿಡಿಯೊಗಳಲ್ಲಿ ಕಾಳಿಗಿಂತ ಜೊಳ್ಳೇ ಜಾಸ್ತಿ, ಕಟುವಾಗಿ ಹೇಳುತ್ತಿದ್ದೇನೆ ಅನ್ನಿಸಿದರೂ ಸರಿ. ಒಂದು ಬಗೆಯವರು ಯಾವ ಕಟ್ಟಡ, ಯಾವ ಚಿತ್ರ ಸಿಕ್ಕರೂ ಅದರ ಮೇಲೆ ಸುರುಳಿ ಎಳೆದು "ಸುವರ್ಣ ಅನುಪಾತ" (ಸುಮಾರು 1.618ಕ್ಕೆ 1ರ ಅಳತೆ) ಅಂತಾರೆ. ಗೆರೆ ದಪ್ಪ ಮಾಡಿ ಎಳೆದರೆ ಯಾವುದರಲ್ಲಿ ಬೇಕಾದರೂ ಅದು ಸಿಗುತ್ತೆ. ಇನ್ನೊಂದು ಬಗೆ ನಮ್ಮಲ್ಲೇ ಹುಟ್ಟಿದ್ದು. 'ವೇದಗಣಿತ' ಅಂತ ಓಡಾಡುವ ಗುಣಾಕಾರದ ಚಮತ್ಕಾರಗಳು ಪುರಿಯ ಶಂಕರಾಚಾರ್ಯರಾಗಿದ್ದ ಭಾರತೀ ಕೃಷ್ಣ ತೀರ್ಥರ ಪುಸ್ತಕದವು. ಅದು ಅಚ್ಚಾದದ್ದು 1965ರಲ್ಲಿ. ಅದರಲ್ಲಿರುವ ಸೂತ್ರಗಳು ನಮಗೆ ಸಿಕ್ಕಿರುವ ವೇದಗಳ ಪಾಠದಲ್ಲಿ ಇಲ್ಲ. ಲೆಕ್ಕ ಬೇಗ ಮಾಡುವ ಉಪಾಯಗಳಾಗಿ ಕಲಿಯಲು ಅಡ್ಡಿಯಿಲ್ಲ, ಹಳೆಯ ಇತಿಹಾಸ ಅಂತ ಕಲಿಯುವುದು ಬೇಡ. ನಿಜವಾದ ಹಳೆಯದು ನಮ್ಮಲ್ಲಿ ಬೇಕಾದಷ್ಟಿದೆ, ಹುಸಿ ಯಾಕೆ ಬೇಕು?

ಒಂಬತ್ತನೇ ಶತಮಾನದ ಮಹಾವೀರಾಚಾರ್ಯರನ್ನೇ ನೋಡಿ. ಮಾನ್ಯಖೇಟದಿಂದ, ಅಂದರೆ ಇಂದಿನ ಕಲಬುರಗಿ ಜಿಲ್ಲೆಯ ಮಳಖೇಡದಿಂದ ಆಳುತ್ತಿದ್ದ ಅಮೋಘವರ್ಷ ನೃಪತುಂಗನ ಕಾಲದವರು. 'ಗಣಿತಸಾರಸಂಗ್ರಹ' ಬರೆದವರು. ಅದರಲ್ಲಿ ಹೂವಿನ ಹಾರದಂಥ ಗುಣಲಬ್ಧಗಳು ಬರುತ್ತವೆ, ಎಡದಿಂದ ಓದಿದರೂ ಬಲದಿಂದ ಓದಿದರೂ ಒಂದೇ. 139 ಗುಣಿಸು 109 ಅಂದರೆ 15151. 152207 ಗುಣಿಸು 73 ಅಂದರೆ 11111111. 142857143ನ್ನು 7ರಿಂದ ಗುಣಿಸಿದರೆ 1000000001. ಕೈಯಲ್ಲೇ ಗುಣಿಸಿ ನೋಡಲಿ, ಕ್ಯಾಲ್ಕುಲೇಟರ್ ಬೇಡ. ಆಮೇಲೆ ಇಂಥದ್ದೊಂದನ್ನು ತಾನೇ ಕಟ್ಟಲು ಯತ್ನಿಸಲಿ. 11111111ಕ್ಕೆ ಅಪವರ್ತನ ಹುಡುಕಲು ಹೊರಟರೆ ಅವಳ ಇಡೀ ಭಾನುವಾರ ಹೋಗುತ್ತೆ. ಹೋಗಲಿ.

ಕೈಗೆ ಕೆಲಸ ಕೊಡುವ ಇನ್ನೊಂದು ವಿಷಯ ಆಫ್ರಿಕಾದ್ದು. ಅಂಗೋಲಾದ ಚೊಕ್ವೆ ಜನ ಮರಳಿನ ಮೇಲೆ ಬೆರಳ ತುದಿಯಿಂದ ಚುಕ್ಕಿ ಇಟ್ಟು, ಅವುಗಳ ಸುತ್ತ ಗೆರೆ ಎಳೆಯುತ್ತಾ ಕತೆ ಹೇಳುವ ಪದ್ಧತಿ ಇದೆ. ಆ ಚಿತ್ರಗಳಿಗೆ ಸೋನಾ ಅಂತ ಹೆಸರು. ಮೊಜಾಂಬಿಕ್‌ನಲ್ಲಿದ್ದ ಗಣಿತಜ್ಞ ಪೌಲಸ್ ಗೆರ್ಡೆಸ್ ಅವುಗಳ ಮೇಲೆ ಬಹಳ ಕೆಲಸ ಮಾಡಿದ್ದಾರೆ. ನೋಡಿದ ತಕ್ಷಣ ನಿಮ್ಮ ಮಗಳು "ಇದು ನಮ್ಮ ಚುಕ್ಕಿ ರಂಗೋಲಿ!" ಅನ್ನುವುದು ಖಂಡಿತ. ಚುಕ್ಕಿಗಳನ್ನು ಮುಟ್ಟದೆ ಸುತ್ತಿ ಬಳಸಿ ಬರುವ ಎಳೆಯ ರಂಗೋಲಿ ಇದೆಯಲ್ಲ, ಅದೇ ಜಾತಿ.

ಇಲ್ಲೊಂದು ಸ್ವಾರಸ್ಯವಿದೆ. ಸಾಲಿಗೆ ಮೂರರಂತೆ ಎರಡು ಸಾಲು ಚುಕ್ಕಿ ಇಡಲಿ. ಚುಕ್ಕಿಗಳ ನಡುವೆ ಓರೆಯಾಗಿ ಗೆರೆ ಎಳೆಯುತ್ತಾ, ಅಂಚಿಗೆ ಬಂದಾಗ ದುಂಡಗೆ ತಿರುಗಿಸಿ ಮತ್ತೆ ಒಳಗೆ ಬರಲಿ. ಕೈ ಎತ್ತದೆ ಒಂದೇ ಎಳೆಯಲ್ಲಿ ಎಲ್ಲಾ ಚುಕ್ಕಿಗಳನ್ನೂ ಸುತ್ತಿ ಹೊರಟ ಜಾಗಕ್ಕೇ ಬರುತ್ತಾಳೆ. ಈಗ ಸಾಲಿಗೆ ನಾಲ್ಕರಂತೆ ಎರಡು ಸಾಲು ಇಟ್ಟು ಅದನ್ನೇ ಮಾಡಲಿ. ಒಂದು ಎಳೆ ಮುಗಿದರೂ ಕೆಲವು ದಾರಿಗಳು ಉಳಿದಿರುತ್ತವೆ, ಎರಡನೇ ಎಳೆ ಬೇಕು. ಮೂರಕ್ಕೆ ಮೂರು ಇಟ್ಟರೆ ಮೂರು ಎಳೆ. ಮೂರಕ್ಕೆ ಐದು ಇಟ್ಟರೆ ಮತ್ತೆ ಒಂದೇ! ಯಾಕೆ ಹೀಗೆ? ಎಲ್ಲವನ್ನೂ ಒಂದು ಪಟ್ಟಿಯಲ್ಲಿ ಬರೆಸಿ, ಉತ್ತರ ಮಾತ್ರ ಹೇಳಬೇಡಿ. ನಿಮಗೆ ಮಾತ್ರ ಹೇಳುತ್ತೇನೆ: ಸಾಲುಗಳ ಸಂಖ್ಯೆ ಮತ್ತು ಸಾಲಿನಲ್ಲಿರುವ ಚುಕ್ಕಿಗಳ ಸಂಖ್ಯೆ, ಇವೆರಡರ ಮ.ಸಾ.ಅ. ಎಷ್ಟೋ ಅಷ್ಟು ಎಳೆ. ಹಿಂದಿನ ಕ್ಲಾಸಿನಲ್ಲಿ ಬೇಸರದಿಂದ ಕಲಿತ ಮಹತ್ತಮ ಸಾಮಾನ್ಯ ಅಪವರ್ತನ ಇಲ್ಲಿ ಅಂಗಳಕ್ಕೆ ಬಂದು ಕೂತಿದೆ.

ಸೋಮನಾಥಪುರಕ್ಕೆ ಹೋಗುವ ಅವಕಾಶ ಇದ್ದರೆ ಕಾಗದ, ಕೈವಾರ ಒಯ್ಯಿರಿ. ಅಲ್ಲಿನ ಗರ್ಭಗುಡಿಗಳ ಹೊರಗೋಡೆ 16 ಮೂಲೆಯ ನಕ್ಷತ್ರದ ಆಕಾರದಲ್ಲಿದೆ. ಒಂದು ಚೌಕ ಬರೆದು, ಅದರ ನಡುವಿನ ಬಿಂದುವನ್ನು ಹಿಡಿದು 22.5 ಡಿಗ್ರಿ ತಿರುಗಿಸಿ ಮತ್ತೊಂದು ಚೌಕ, ಹೀಗೆ ಒಟ್ಟು ನಾಲ್ಕು ಚೌಕ ಬರೆದರೆ ಆ ಹದಿನಾರು ಮೂಲೆ ಬರುತ್ತೆ. ಹಾಳೆಯ ಮೇಲೆ ಬರೆದು ಆಮೇಲೆ ಗೋಡೆಯ ಸುತ್ತ ನಡೆದರೆ, ಪ್ರತಿ ಮೂಲೆಯಲ್ಲೂ ಬಿಸಿಲು ನೆರಳು ಬದಲಾಗುವುದು ಯಾಕೆ ಅಂತ ತಾನೇ ಕಂಡುಕೊಳ್ಳುತ್ತಾಳೆ. ಸಂಖ್ಯೆಗಳ ವಿಡಿಯೊಗೆ ಬ್ರೇಡಿ ಹರನ್ 2011ರಲ್ಲಿ ಶುರುಮಾಡಿದ 'ನಂಬರ್‌ಫೈಲ್' ಚೆನ್ನಾಗಿದೆ. ಕಂದು ಕಾಗದ, ದಪ್ಪ ಪೆನ್ನು, ಒಬ್ಬ ಗಣಿತಜ್ಞ, ಅಷ್ಟೇ. ಕೆಲವು ಎಂಟನೇ ಕ್ಲಾಸಿಗೆ ಭಾರವಾಗುತ್ತವೆ. ಅರ್ಥವಾಗದ್ದನ್ನು ಬಿಟ್ಟು ಮುಂದೆ ಹೋಗಲಿ.

ಈಗ ನಿಮ್ಮ ಮಾವನವರ ಮಾತು. ಅವರ ಆತಂಕವನ್ನು ನಾನು ಹಗುರವಾಗಿ ನೋಡುವುದಿಲ್ಲ. ಮೂಲವಸ್ತುವಿನ ವಿಡಿಯೊದಲ್ಲಿ ತಪ್ಪಿದ್ದರೆ ಒಂದು ಸಂಖ್ಯೆ ತಪ್ಪಾಗುತ್ತೆ. ಧರ್ಮದ ವಿಡಿಯೊದಲ್ಲಿ ತಪ್ಪಿದ್ದರೆ ಪಕ್ಕದ ಮನೆಯವರ ಬಗ್ಗೆಯೇ ತಪ್ಪು ತಿಳಿಯುತ್ತೆ. ಅದಕ್ಕೇ ಪೂರ್ತಿ ಬೇಡ ಅನ್ನುವ ಬದಲು ಜೊತೆಯಲ್ಲಿ ಕೂತು ನೋಡಿ ಅನ್ನುತ್ತೇನೆ. ನಿಮ್ಮ ಮಾವನವರನ್ನೇ ಪರೀಕ್ಷಕರನ್ನಾಗಿ ಮಾಡಿ. ಹೊಸ ಸರಣಿ ಸಿಕ್ಕಿದಾಗ ಮೊದಲು ನಿಮ್ಮದೇ ಆಚರಣೆಯ ಬಗ್ಗೆ ಇರುವ ಭಾಗವನ್ನು ಅವರಿಗೆ ತೋರಿಸಿ. "ಇದು ನಮ್ಮ ಮನೆಯಲ್ಲಿ ನಡೆಯುವ ಹಾಗೇ ಇದೆ" ಅಂತ ಅವರು ಅಂದರೆ ಮುಂದಿನದನ್ನು ನೋಡಬಹುದು. "ಇದೇನು ಹೀಗೆ ಹೇಳ್ತಾರೆ" ಅಂದರೆ, ಬೇರೆಯವರ ಬಗ್ಗೆ ಹೇಳಿರುವುದನ್ನೂ ಅಷ್ಟೇ ಅನುಮಾನದಿಂದ ನೋಡಬೇಕು.

ಇನ್ನೊಂದು, ಮಾತಿನ ಕೊನೆಯ ಕ್ರಿಯಾಪದ ಗಮನಿಸಿ. "ಅವರು ಹೀಗೆ ನಂಬುತ್ತಾರೆ", "ಇವರು ಹೀಗೆ ಆಚರಿಸುತ್ತಾರೆ" ಅನ್ನುವವರು ಪಾಠ ಮಾಡುತ್ತಿದ್ದಾರೆ. "ಇದೇ ಸತ್ಯ" ಅಥವಾ "ಇದೆಲ್ಲ ಮೂಢತನ" ಅನ್ನುವವರು ಪ್ರಚಾರ ಮಾಡುತ್ತಿದ್ದಾರೆ. ಪ್ರಚಾರ ಯಾರದೇ ಆಗಲಿ, ಎಂಟನೇ ಕ್ಲಾಸಿಗೆ ಬೇಡ. ಧರ್ಮವನ್ನು ಶಾಲೆ ಕಾಲೇಜಿನಲ್ಲಿ ಹೇಗೆ ಕಲಿಸಬೇಕು ಅನ್ನುವುದಕ್ಕೆ ದಾರಿ ಹಾಕಿದವರಲ್ಲಿ ನಿನಿಯನ್ ಸ್ಮಾರ್ಟ್ ಮುಖ್ಯರು. 1967ರಲ್ಲಿ ಇಂಗ್ಲೆಂಡಿನ ಲ್ಯಾಂಕಾಸ್ಟರ್ ವಿಶ್ವವಿದ್ಯಾಲಯದಲ್ಲಿ ಇದಕ್ಕೆಂದೇ ವಿಭಾಗ ಶುರು ಮಾಡಿದವರು. ಧರ್ಮ ಅಂದರೆ ಬರೀ ಗ್ರಂಥ, ಸಿದ್ಧಾಂತ ಅಲ್ಲ, ಆಚರಣೆ, ಕತೆ, ಅನುಭವ, ನೀತಿ, ಸಮುದಾಯ, ಜೊತೆಗೆ ಗುಡಿ ಮೂರ್ತಿಯಂಥ ವಸ್ತುಗಳು, ಎಲ್ಲ ಸೇರಿ ನೋಡಬೇಕು ಅಂದರು. ಹೆಚ್ಚಿನ ವಿಡಿಯೊಗಳು ಗ್ರಂಥ ಮತ್ತು ಸ್ಥಾಪಕರ ಹೆಸರಿಗೇ ನಿಂತುಬಿಡುತ್ತವೆ. ಸ್ಥಾಪಕರು ಒಬ್ಬರೇ ಅಂತ ಇಲ್ಲದ ಪರಂಪರೆಗಳ ಮುಂದೆ ತಡವರಿಸುತ್ತವೆ. ನಾಟಿಂಗ್‌ಹ್ಯಾಮ್‌ನವರೇ ಬೈಬಲ್ಲಿನ ಒಂದೊಂದು ಪುಸ್ತಕದ ಮೇಲೂ 'ಬೈಬಲ್‌ಡೆಕ್ಸ್' ಅಂತ ವಿಡಿಯೊ ಮಾಡಿದ್ದಾರೆ. ಮಾತಾಡುವವರು ಪಂಡಿತರು, ಬೋಧನೆ ಇಲ್ಲ. ಅದು ಕಾಲೇಜು ಮಕ್ಕಳಿಗೆ ಸರಿ, ನಿಮ್ಮ ಮಗಳಿಗೆ ಇನ್ನೂ ಬೇಗ.

ಪಶ್ಚಿಮದಲ್ಲಿ ಮಾಡಿದ "ಪ್ರಪಂಚದ ದೊಡ್ಡ ಐದು ಧರ್ಮಗಳು" ಅನ್ನುವ ಪಟ್ಟಿಯಲ್ಲಿ ಜೈನರು ಇರುವುದೇ ಇಲ್ಲ. ಶ್ರವಣಬೆಳಗೊಳದ 57 ಅಡಿ ಬಾಹುಬಲಿಯನ್ನು ಶಾಲೆಯ ಪ್ರವಾಸದಲ್ಲಿ ನೋಡಿ ಬಂದ ನಮ್ಮ ಮಕ್ಕಳಿಗೆ ಇದು ವಿಚಿತ್ರ ಅನ್ನಿಸಬೇಕು. ಅನ್ನಿಸಿದರೆ "ಪಟ್ಟಿ ಮಾಡಿದವರು ಯಾರು? ಯಾಕೆ ಐದೇ?" ಅಂತ ಕೇಳಲಿ. ಬೌದ್ಧ ಧರ್ಮದ ವಿಡಿಯೊ ನೋಡಿದ ಮೇಲೆ ನಮ್ಮಲ್ಲೇ ಎಷ್ಟು ಬಗೆ ಇದೆ ಅಂತ ತೋರಿಸಬಹುದು. ಬೈಲಕುಪ್ಪೆಯಲ್ಲಿ ಟಿಬೆಟಿಯನ್ನರ ಬಂಗಾರದ ಬಣ್ಣದ ಬುದ್ಧನ ಮೂರ್ತಿಗಳಿವೆ. ಕಲಬುರಗಿ ಜಿಲ್ಲೆಯ ಸನ್ನತಿ ಹತ್ತಿರದ ಕನಗನಹಳ್ಳಿಯಲ್ಲಿ ಅಗೆದಾಗ ಸಿಕ್ಕ ಸ್ತೂಪದ ಕಲ್ಲಿನಲ್ಲಿ ಒಬ್ಬ ರಾಜನ ಚಿತ್ರ ಇದೆ, ಪಕ್ಕದಲ್ಲಿ ಬ್ರಾಹ್ಮಿ ಅಕ್ಷರದಲ್ಲಿ ಅಶೋಕನ ಹೆಸರೇ ಇದೆ. ಅಶೋಕನನ್ನು ಬರೀ ಪಾಠದಲ್ಲಿ ಓದಿದ ಹುಡುಗಿ ಆ ಕಲ್ಲಿನ ಫೋಟೊ ನೋಡಲಿ. ಬೀದರಿನ ಸಿಖ್ಖರ ಗುರುದ್ವಾರ ನಾನಕ್ ಝೀರಾ, ಕಲಬುರಗಿಯ ಬಂದೇ ನವಾಜ್ ದರ್ಗಾ ಕೂಡ ಹೀಗೆ ಹೋಗಿ ನೋಡಬಹುದಾದವು. ಮಾವನವರಿಗೆ ಯಾತ್ರೆ ಇಷ್ಟವಾದರೆ ಅವರೇ ಕರೆದುಕೊಂಡು ಹೋಗಲಿ.

ಇಂಗ್ಲಿಷ್ ಬಗ್ಗೆ ಅಷ್ಟು ತಲೆಕೆಡಿಸಿಕೊಳ್ಳಬೇಡಿ. ಮೂಲವಸ್ತುಗಳ ವಿಡಿಯೊವನ್ನು ಮೊದಲ ಸಲ ಸದ್ದು ತೆಗೆದು ನೋಡಲಿ. ಏನಾಗುತ್ತಿದೆ ಅಂತ ಅವಳೇ ಕನ್ನಡದಲ್ಲಿ ನಿಮಗೆ ಹೇಳಲಿ. ಎರಡನೇ ಸಲ ಸದ್ದಿನೊಂದಿಗೆ, ಕೆಳಗೆ ಇಂಗ್ಲಿಷ್ ಅಕ್ಷರ ಬರುವಂತೆ ಮಾಡಿ, ವೇಗವನ್ನು ಮುಕ್ಕಾಲಿಗೆ ಇಳಿಸಿ ನೋಡಲಿ. ತಾನು ಹೇಳಿದ್ದಕ್ಕೂ ಅವರು ಹೇಳಿದ್ದಕ್ಕೂ ಎಲ್ಲಿ ಹೊಂದಲಿಲ್ಲ ಅನ್ನುವುದೇ ಅವತ್ತಿನ ಪಾಠ. ಧರ್ಮದ ವಿಡಿಯೊಗೆ ಮಾತ್ರ ಈ ಉಪಾಯ ನಡೆಯುವುದಿಲ್ಲ. ಅಲ್ಲಿ ಮಾತೇ ಮುಖ್ಯ, ಅರ್ಧಂಬರ್ಧ ಅರ್ಥವಾದರೆ ಅಪಾಯ. ಅವನ್ನು ನೀವು ಜೊತೆಗಿದ್ದಾಗ ಮಾತ್ರ, ಅಥವಾ ಇಂಗ್ಲಿಷ್ ಇನ್ನೂ ಸ್ವಲ್ಪ ಬಲಿತ ಮೇಲೆ.

ಎಷ್ಟು ಹೊತ್ತು ಅಂತ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಎಡ್‌ಎಕ್ಸ್ ಎಂಬ ಆನ್‌ಲೈನ್ ತಾಣದ ಕೋರ್ಸುಗಳ ಮೇಲೆ 2014ರಲ್ಲಿ ಬಂದ ಅಧ್ಯಯನವೊಂದು 69 ಲಕ್ಷ ಬಾರಿ ವಿಡಿಯೊ ನೋಡಿದ ದಾಖಲೆ ಪರಿಶೀಲಿಸಿತು. ಆರು ನಿಮಿಷ ದಾಟಿದ ಮೇಲೆ ನೋಡುವವರ ಗಮನ ಜಾರುತ್ತೆ ಅಂತ ಅದರಲ್ಲಿ ಕಂಡಿತು. ದೊಡ್ಡವರದೇ ಈ ಕತೆ. ಸಂಜೆಗೆ ಒಂದೇ ಚಿಕ್ಕ ವಿಡಿಯೊ, ನಡುವೆ ಒಂದು ಕಡೆ ನಿಲ್ಲಿಸಿ ಊಹೆ, ಮುಗಿದ ಮೇಲೆ ನೋಟ್‌ಬುಕ್ಕಿನಲ್ಲಿ ನಾಲ್ಕು ಸಾಲು. ತಾನೇ ಮುಂದಿನ ವಿಡಿಯೊಗೆ ಜಿಗಿಯುವ ಆಟೋಪ್ಲೇಯನ್ನು ಇವತ್ತೇ ಆಫ್ ಮಾಡಿ. ಸೋಡಿಯಂ ಮತ್ತೆ ನೋಡಬೇಕು ಅಂದರೆ ನೋಡಲಿ ಬಿಡಿ, ಆದರೆ ಈ ಸಲ ಲೋಹ ನೀರು ಮುಟ್ಟುವ ಕ್ಷಣದಲ್ಲಿ ನಿಲ್ಲಿಸಿ, ಮುಳ್ಳುಗಳು ಕಾಣುತ್ತವಾ ಅಂತ ಹುಡುಕಲಿ. ಮಾಮೂಲಿ ಕ್ಯಾಮೆರಾದಲ್ಲಿ ಕಾಣುವುದಿಲ್ಲ. ಯಾಕೆ ಕಾಣುವುದಿಲ್ಲ ಅಂತ ಅವಳನ್ನೇ ಕೇಳಿ.